ಬೆಟ್ಟದ ದೂರದ ಹಾದಿಯಲ್ಲಿ ಸ್ವಂತ ಸಮಯದ ಲೆಕ್ಕ

ಆಷಾಢ ಮಾಸದ ಶುದ್ಧ ಚತುರ್ದಶಿ ಸಮೀಪಿಸಿತೆಂದರೆ ವಿಶಾಖಪಟ್ಟಣದ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಕೇಳಿಬರುವುದು ವಾಡಿಕೆ: "ಈ ಸಲ ಗಿರಿ ಪ್ರದಕ್ಷಿಣೆಗೆ ಹೋಗ್ತೀರಾ?" ಹೋಗಿಬಂದವರನ್ನು ಕೇಳುವ ಎರಡನೆಯ ಪ್ರಶ್ನೆಯೂ ಅಷ್ಟೇ ವಾಡಿಕೆಯದು: "ಎಷ್ಟು ಹೊತ್ತು ಹಿಡೀತು?" ಸಿಂಹಾಚಲದ ಬೆಟ್ಟವನ್ನು ಬಲಗೊಂಡು ಬರುವ 32 ಕಿಲೋಮೀಟರುಗಳ ಈ ನಡಿಗೆಯಲ್ಲಿ ಯಾರೂ ಯಾರೊಡನೆಯೂ ಸ್ಪರ್ಧಿಸುವುದಿಲ್ಲ, ಬಹುಮಾನವಿಲ್ಲ, ಪದಕವಿಲ್ಲ. ಆದರೂ ನಮ್ಮಲ್ಲಿ ಹಲವರು ಹೋದ ವರ್ಷದ ತಮ್ಮ ಸಮಯವನ್ನು ನೆನಪಿನಲ್ಲಿಟ್ಟುಕೊಂಡು, ಈ ವರ್ಷ ಅದಕ್ಕಿಂತ ಅರ್ಧ ಗಂಟೆಯಾದರೂ ಬೇಗ ಮುಗಿಸಬೇಕೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿರುತ್ತಾರೆ. ಈ ಲೇಖನವು ಆ ಲೆಕ್ಕವನ್ನು ಕುರಿತದ್ದು. ಬೆಟ್ಟದ ದೂರದ ಹಾದಿಯನ್ನು ತನ್ನದೇ ಸಮಯಕ್ಕೆದುರಾಗಿ ಓಡುವ ಅಥವಾ ಬಿರುನಡಿಗೆಯಲ್ಲಿ ಕ್ರಮಿಸುವ ಈ ಹವ್ಯಾಸವು ಎಲ್ಲಿಂದ ಬಂದಿತು, ಆ ಲೆಕ್ಕವನ್ನು ಹಾಕುವ ಬಗೆ ಯಾವುದು, ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ನಮಗೆ ತಿಳಿದಮಟ್ಟಿಗೆ ವಿವರಿಸಲು ಯತ್ನಿಸುತ್ತೇವೆ. ತಪ್ಪುವ ಭಾಗವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ.

ಈ ಹವ್ಯಾಸಕ್ಕೆ ಒಂದು ಸಂಪ್ರದಾಯದ ರೂಪ ಬಂದದ್ದು ಇಂಗ್ಲೆಂಡಿನ ವಾಯವ್ಯ ಭಾಗದ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರ ಸೀಮೆಯಲ್ಲಿ. ಅಲ್ಲಿನ ಬೆಟ್ಟಗಳ ನೆತ್ತಿಯಲ್ಲಿ ಮರಗಳಿಲ್ಲ. ಹುಲ್ಲು, ಕುರುಚಲು ಗಿಡ, ಕಾಲಿಟ್ಟರೆ ಕುಸಿಯುವ ಜೌಗು ಮಣ್ಣು, ನಡುನಡುವೆ ಬಂಡೆ. ಇಂತಹ ಬೆಟ್ಟಗಳನ್ನು ಆ ಜನ 'ಫೆಲ್' ಎನ್ನುತ್ತಾರೆ. ಕೆಸ್ವಿಕ್ ಎಂಬ ಪಟ್ಟಣದಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಎಂಬವರು 1932ರ ಜೂನ್ ತಿಂಗಳಲ್ಲಿ ಊರಿನ ಮೂಟ್ ಹಾಲ್ ಎಂಬ ಕಟ್ಟಡದ ಬಾಗಿಲಿನಿಂದ ಹೊರಟು, 42 ಶಿಖರಗಳನ್ನು ಮುಟ್ಟಿ, 24 ಗಂಟೆಗಳೊಳಗೆ ಅದೇ ಬಾಗಿಲಿಗೆ ಮರಳಿದರು. ದೂರ ಸುಮಾರು 106 ಕಿಲೋಮೀಟರು; ಒಟ್ಟು ಏರಿದ ಎತ್ತರ 8,000 ಮೀಟರಿಗೂ ಹೆಚ್ಚು. ಆನಂತರ 28 ವರ್ಷ ಬೇರೆ ಯಾರಿಂದಲೂ ಅದು ಸಾಧ್ಯವಾಗಲಿಲ್ಲ. 1960ರಲ್ಲಿ ಅಲನ್ ಹೀಟನ್ ಎಂಬವರು ಎರಡನೆಯವರಾದರು. ಇಂದಿಗೂ ಅದು ಸ್ಪರ್ಧೆಯಲ್ಲ. ಯಾರು ಬೇಕಾದರೂ ತಮಗೆ ಅನುಕೂಲವಾದ ದಿನ ಹೊರಡಬಹುದು. ಪ್ರತಿ ಶಿಖರದಲ್ಲಿಯೂ ಜೊತೆಗೊಬ್ಬ ಸಾಕ್ಷಿಯಿರಬೇಕೆಂಬುದು ಮಾತ್ರ ನಿಯಮ. ಸಾಕ್ಷಿ ಎಂಬ ಈ ಶಬ್ದವನ್ನು ಓದುಗರು ನೆನಪಿನಲ್ಲಿಡಬೇಕಾಗಿ ಕೋರಿಕೆ. ಮುಂದೆ ಅದರ ಪ್ರಸ್ತಾಪ ಬರಲಿದೆ.

ಅದೇ ಸೀಮೆಯ ಜಾಸ್ ನೇಲರ್ ಎಂಬ ಕುರಿಸಾಕಣೆಗಾರರ ಕಥೆ ನಮ್ಮ ವಯೋಮಾನದವರಿಗೆ ಇನ್ನೂ ಹತ್ತಿರದ್ದು. 1936ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಇವರು ತಮ್ಮ 70ನೆಯ ವಯಸ್ಸಿನಲ್ಲಿ, 2006ರಲ್ಲಿ, 70 ಬೆಟ್ಟಗಳ ನೆತ್ತಿಯನ್ನು 21 ಗಂಟೆಗಳೊಳಗೆ ಮುಟ್ಟಿಬಂದರು. 50 ವರ್ಷ ದಾಟಿದವರಿಗೆಂದೇ ಅವರ ಹೆಸರಿನಲ್ಲೊಂದು ಹಾದಿಯಿದೆ: 30 ಶಿಖರಗಳು, ಸುಮಾರು 77 ಕಿಲೋಮೀಟರು. ಐವತ್ತರಿಂದ ಐವತ್ತನಾಲ್ಕರ ವಯಸ್ಸಿನವರು ಅದನ್ನು 12 ಗಂಟೆಯೊಳಗೆ ಮುಗಿಸಬೇಕು. ಅರವತ್ತೈದು ದಾಟಿದವರಿಗೆ 24 ಗಂಟೆಗಳ ಅವಕಾಶ. ವಯಸ್ಸಾದಂತೆ ಗಡುವನ್ನು ಸಡಿಲಿಸುವ ಈ ಏರ್ಪಾಡು ನಮಗೆ ಬಹಳ ಮೆಚ್ಚುಗೆಯಾಯಿತು. ನಮ್ಮಲ್ಲಿ ಹಿರಿಯರನ್ನು ಒಂದೋ ಮನೆಯಲ್ಲಿ ಕೂರಿಸುತ್ತೇವೆ, ಇಲ್ಲವೇ ಇಪ್ಪತ್ತರ ಹುಡುಗರ ಸಮಯದೊಡನೆ ಹೋಲಿಸಿ ನಗುತ್ತೇವೆ.

ನಮ್ಮ ನಾಡಿನಲ್ಲಿ ಇಂತಹ ಬೋಳುನೆತ್ತಿಯ ಬೆಟ್ಟಗಳಿಲ್ಲವೇ ಎಂದರೆ, ಧಾರಾಳವಾಗಿವೆ. ಪಶ್ಚಿಮ ಘಟ್ಟದಲ್ಲಿ ಕಣಿವೆಗಳಲ್ಲಷ್ಟೇ ಶೋಲಾ ಕಾಡು, ಮೇಲೆಲ್ಲ ಹುಲ್ಲುಗಾವಲು. ಕುದುರೆಮುಖ, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಎಲ್ಲವೂ ಹಾಗೆಯೇ. ನಮ್ಮ ಗುಂಪಿಗೆ ಪರಿಚಿತವಾದ ಕುಮಾರ ಪರ್ವತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಮೊದಲು ದಟ್ಟ ಕಾಡಿನ ಏರು. ಗಿರಿಗದ್ದೆಯಲ್ಲಿ, ಚಾರಣಿಗರಿಗೆ ಊಟವಿಕ್ಕಿ ಹೆಸರಾದ ಭಟ್ಟರ ಮನೆ. ಅಲ್ಲಿಂದ ಮುಂದೆ ನೆರಳೇ ಇಲ್ಲದ ಹುಲ್ಲಿನ ಏಣುಗಳು, ಕಲ್ಲು ಮಂಟಪ, ಶೇಷ ಪರ್ವತ, ಕಡೆಗೆ 1,712 ಮೀಟರ್ ಎತ್ತರದ ಕುಮಾರ ಪರ್ವತ. ಶೇಷ ಪರ್ವತದ ನೆತ್ತಿಯಿಂದ ಇಳಿದು, ಕಾಡು ಹೊಕ್ಕು, ಬಂಡೆ ಹತ್ತಿ ಮುಂದಿನ ನೆತ್ತಿಯನ್ನು ಸೇರುವ ಆ ತುಂಡು ದಾರಿಯಷ್ಟು ಚೆಲುವಾದುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಮೈಸೂರಿನವರಿಗಂತೂ ಇಷ್ಟು ದೂರದ ಮಾತೇ ಬೇಡ; ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ನಸುಕಿನಲ್ಲಿ ಹತ್ತಿ, ನಂದಿಯ ಬಳಿ ಒಮ್ಮೆ, ಮೇಲೆ ಒಮ್ಮೆ ಗಡಿಯಾರ ನೋಡಿಕೊಳ್ಳುವವರು ಅಲ್ಲಿ ಎಷ್ಟೋ ಮಂದಿ.

ಇನ್ನು ಲೆಕ್ಕದ ವಿಚಾರ. ಬಯಲಿನಲ್ಲಿ ಗಂಟೆಗಿಷ್ಟು ಎಂದು ದೂರವನ್ನು ಭಾಗಿಸಿದರೆ ಮುಗಿಯಿತು. ಬೆಟ್ಟದಲ್ಲಿ ಅದು ನಡೆಯದು. 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸರಳ ಸೂತ್ರವನ್ನು ಕೊಟ್ಟರು: ಮೂರು ಮೈಲಿಗೆ, ಅಂದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 2,000 ಅಡಿಗೆ, ಅಂದರೆ ಸುಮಾರು 600 ಮೀಟರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಸುಮಾರು 13 ಕಿಲೋಮೀಟರು. ಏರು ಸುಮಾರು 1,600 ಮೀಟರು. ದೂರಕ್ಕೆ 2 ಗಂಟೆ 36 ನಿಮಿಷ, ಎತ್ತರಕ್ಕೆ 2 ಗಂಟೆ 40 ನಿಮಿಷ, ಒಟ್ಟು 5 ಗಂಟೆ 16 ನಿಮಿಷ. ದೂರಕ್ಕಿಂತ ಎತ್ತರವೇ ಹೆಚ್ಚು ಸಮಯ ನುಂಗುತ್ತದೆಂಬುದನ್ನು ಗಮನಿಸಿ. ಊಟ, ವಿಶ್ರಾಂತಿ, ಛಾಯಾಚಿತ್ರ, ಕಾಲಿಗಂಟಿದ ಇಂಬಳ ಕೀಳುವುದು, ಇವಾವುದೂ ಈ ಲೆಕ್ಕದಲ್ಲಿಲ್ಲ. ನಮ್ಮ ಗುಂಪಿನ ಅತ್ಯುತ್ತಮ ಸಮಯ 6 ಗಂಟೆ 10 ನಿಮಿಷ, ಅದಕ್ಕಾಗಿ ನಾಚಿಕೆಯೇನಿಲ್ಲ.

ಇಳಿಯುವಾಗ ಲೆಕ್ಕ ಮತ್ತೆ ಬದಲಾಗುತ್ತದೆ. ಎರಿಕ್ ಲ್ಯಾಂಗ್‌ಮೂರ್ ಎಂಬವರು ಮಾಡಿದ ತಿದ್ದುಪಡಿಯಂತೆ, ಹಿತವಾದ ಇಳಿಜಾರಿನಲ್ಲಿ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೆಯಬೇಕು. ಕಡಿದಾದ ಇಳಿಜಾರಿನಲ್ಲಿ ಅಷ್ಟೇ ಇಳಿತಕ್ಕೆ 10 ನಿಮಿಷ ಕೂಡಿಸಬೇಕು. ಇಳಿಯುವುದೆಂದರೆ ಸುಲಭವೆಂಬ ನಮ್ಮ ನಂಬಿಕೆಗೆ ಇದು ವಿರುದ್ಧವಾಗಿ ಕಂಡರೂ, ಮೊಣಕಾಲುಗಳನ್ನು ಕೇಳಿದರೆ ಅವು ಲ್ಯಾಂಗ್‌ಮೂರ್ ಅವರ ಪಕ್ಷವನ್ನೇ ವಹಿಸುತ್ತವೆ. ಇಟಲಿಯ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ನೂರು ಮೀಟರಿಗೆ ಇಪ್ಪತ್ತು ಮೀಟರು ಏರುವ ದಾರಿಯಲ್ಲಿ ಓಡಲು ಸಮತಟ್ಟಿಗಿಂತ ಸುಮಾರು ಎರಡೂವರೆ ಪಟ್ಟು ಶಕ್ತಿ ಬೇಕು. ಅಷ್ಟೇ ಇಳಿಜಾರಿನಲ್ಲಿ ಓಡಲು ಸಮತಟ್ಟಿನ ಅರ್ಧದಷ್ಟು ಸಾಕು. ಶಕ್ತಿ ಕಡಮೆ ಸಾಕೇನೋ ಹೌದು, ಆದರೆ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಬಿಗಿಹಿಡಿದು ತಡೆಯೊಡ್ಡಬೇಕಾಗುತ್ತದೆ. ಅದರಿಂದ ಆಗುವ ಸೂಕ್ಷ್ಮ ಪೆಟ್ಟು ಮರುದಿನ, ಮೂರನೆಯ ದಿನ ನೋವಾಗಿ ತೋರುತ್ತದೆ. ಸೋಮವಾರ ಬೆಳಿಗ್ಗೆ ಕಚೇರಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದ ಅನುಭವ ನಮಗೂ ಉಂಟು. ಆದ್ದರಿಂದ ಅನುಭವಿಗಳು ಕಡಿದಾದ ಏರಿನಲ್ಲಿ ಓಡುವುದೇ ಇಲ್ಲ. ತೊಡೆಯ ಮೇಲೆ ಕೈಯೂರಿ ಬಿರುಸಾಗಿ ನಡೆಯುತ್ತಾರೆ. ಓಟವೆಲ್ಲ ಸಮತಟ್ಟಿನ ಏಣಿನಲ್ಲಿ ಮತ್ತು ಹಿತವಾದ ಇಳಿಜಾರಿನಲ್ಲಿ.

ಈ ಲೆಕ್ಕಗಳೆಲ್ಲವೂ ತಂಪು ದೇಶದವು. ವಿಶಾಖಪಟ್ಟಣದ ಹವೆಗೆ ಇವನ್ನು ಹಾಗೆಯೇ ಅನ್ವಯಿಸಲಾಗದು. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಆದರೆ ನಮ್ಮ ಕಡಲ ತೀರದ ತೇವದ ಗಾಳಿಯಲ್ಲಿ ಬೆವರು ಆವಿಯಾಗುವ ಬದಲು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ನೀರನ್ನೂ ಉಪ್ಪನ್ನೂ ಒಯ್ಯುತ್ತದೆಯೇ ಹೊರತು ಶಾಖವನ್ನು ಒಯ್ಯುವುದಿಲ್ಲ.

ಗಿರಿ ಪ್ರದಕ್ಷಿಣೆ ನಡೆಯುವುದು ಇಂತಹ ಹವೆಯಲ್ಲಿಯೇ. ಸಿಂಹಾಚಲಕ್ಕೂ ನಮಗೂ ಹಳೆಯ ನಂಟು. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ, 1516ರಲ್ಲಿ, ವಿಜಯನಗರದ ಕೃಷ್ಣದೇವರಾಯನು ಇಲ್ಲಿಗೆ ಬಂದು ಸ್ವಾಮಿಗೆ ಆಭರಣಗಳನ್ನರ್ಪಿಸಿದ ಶಾಸನವು ದೇವಾಲಯದಲ್ಲಿದೆ. ಪ್ರದಕ್ಷಿಣೆಯು ಬೆಟ್ಟದ ಬುಡದ ತೊಲಿ ಪಾವಂಚದಲ್ಲಿ ತೆಂಗಿನಕಾಯಿ ಒಡೆಯುವುದರೊಂದಿಗೆ ಆರಂಭವಾಗುತ್ತದೆ. ಅಡವಿವರಂ, ಮುಡಸರ್ಲೋವ, ಹನುಮಂತವಾಕ ದಾಟಿ ಜೋಡುಗುಳ್ಳಪಾಲೆಂ ಬಳಿ ಕಡಲನ್ನು ಕಂಡು, ಕೆಲವರು ಅಲ್ಲಿ ಸಮುದ್ರಸ್ನಾನವನ್ನೂ ಮಾಡಿ, ವೆಂಕೋಜಿಪಾಲೆಂ, ಇಸುಕತೋಟ, ಸೀತಮ್ಮಧಾರ, ಮಾಧವಧಾರ, ಎನ್ಎಡಿ ಕೂಡುರಸ್ತೆ, ಗೋಪಾಲಪಟ್ಟಣಗಳ ಮೂಲಕ ಮತ್ತೆ ಬುಡವನ್ನು ಸೇರುವುದು. ಏರಿಳಿತ ಅಲ್ಲಲ್ಲಿ ಮಾತ್ರ. ನೇಸ್ಮಿತ್ ಸೂತ್ರದಂತೆ ಬರಿಯ ದೂರಕ್ಕೆ 6 ಗಂಟೆ 24 ನಿಮಿಷ. ಲಕ್ಷಾಂತರ ಜನರ ನಡುವೆ ಅದು ಯಾರಿಗೂ ಸಾಧ್ಯವಾಗದೆಂದು ಹೇಳಬಹುದಾದರೂ, ಚತುರ್ದಶಿಯ ದಿನ ಜನ ಕಿಕ್ಕಿರಿಯುವ ಮುನ್ನ ಹೊರಟರೆ ಹತ್ತಿರಕ್ಕೆ ಬರಬಹುದು.

2023ರ ಜುಲೈ 2, ಭಾನುವಾರ. ನಾವು ನಾಲ್ವರು ಸಂಜೆ 5 ಗಂಟೆಗೆ ಹೊರಟೆವು. 2022ರ ನಮ್ಮ ಸಮಯ 7 ಗಂಟೆ 50 ನಿಮಿಷ. ಈ ಸಲ 7 ಗಂಟೆಯೊಳಗೆ ಎಂಬ ಪಣ. ಸಮಯ ಬರೆದಿಡುವ ಪುಸ್ತಕ ನಮ್ಮ ಬಳಿಯೇ ಇರುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ನೋಡಿದವರಿಗೆ ಇಂತಹ ಕೆಲಸ ತಾನಾಗಿ ಬಂದು ಸೇರುತ್ತದೆ. ಹನುಮಂತವಾಕದವರೆಗೆ ದಾರಿ ತೆರವಿದ್ದ ಕಡೆಗಳಲ್ಲೆಲ್ಲ ಓಡಿದೆವು. ನಮ್ಮಲ್ಲಿ ಹಿರಿಯರಾದ ಮಿತ್ರರೊಬ್ಬರು, ದಾವಣಗೆರೆಯವರು, ವೆಂಕೋಜಿಪಾಲೆಂ ತಲುಪುವಷ್ಟರಲ್ಲಿ ಹಿಂದುಳಿಯತೊಡಗಿದರು. "ನೀವು ನಡೀರಿ ಸಾರ್, ನಾನು ಹಿಂದ್ಗಡೆ ನಿಧಾನಕ್ಕೆ ಬರ್ತೀನಿ" ಎಂದರು. ನಾವು ಗಡಿಯಾರ ನೋಡಿದೆವು. ಆಮೇಲೆ ಅವರ ಮುಖ ನೋಡಿದೆವು. ಈ ಅನುಕ್ರಮವನ್ನು ಮುಚ್ಚಿಡುವುದು ಸರಿಯಲ್ಲವೆಂದು ಇಲ್ಲಿ ಬರೆಯುತ್ತಿದ್ದೇವೆ. ಸೀತಮ್ಮಧಾರದಲ್ಲಿ ಅವರ ದೂರವಾಣಿ ಬಂದಿತು: ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಎಂದು. "ನೀರು ಚೆನ್ನಾಗಿ ಕುಡೀರಿ" ಎಂದು ಹೇಳಿ ಮುಂದೆ ನಡೆದೆವು. ರಾತ್ರಿ 11 ಗಂಟೆ 52 ನಿಮಿಷಕ್ಕೆ ತೊಲಿ ಪಾವಂಚ ಸೇರಿದಾಗ ನಮ್ಮ ಸಮಯ 6 ಗಂಟೆ 52 ನಿಮಿಷ. ಕೈಕುಲುಕಿಕೊಂಡೆವು.

ಹತ್ತು ನಿಮಿಷಗಳ ನಂತರ ಅವರ ದೂರವಾಣಿಯಿಂದಲೇ ಕರೆ ಬಂದಿತು, ಆದರೆ ಮಾತನಾಡಿದವರು ಅಪರಿಚಿತರು. ಮಾಧವಧಾರದಲ್ಲಿ ರಸ್ತೆಯ ಬದಿಗೆ ಒಬ್ಬರು ಕುಳಿತಿದ್ದಾರೆ, ವಾಂತಿ ಮಾಡಿಕೊಂಡಿದ್ದಾರೆ, ಯಾವುದೋ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದಾರೆ ಎಂದು ತೆಲುಗಿನಲ್ಲಿ ತಿಳಿಸಿದರು. ನಲವತ್ತು ವರ್ಷಗಳಿಂದ ಸರಾಗವಾಗಿ ತೆಲುಗು ಮಾತನಾಡುತ್ತಿದ್ದ ನಮ್ಮ ಮಿತ್ರರಿಗೆ ಆ ಹೊತ್ತು ಕನ್ನಡವೊಂದೇ ಉಳಿದಿತ್ತು. ಜನದ ನಡುವೆ ದಾರಿ ಮಾಡಿಕೊಂಡು ಅಲ್ಲಿಗೆ ತಲುಪಿದ ನಾವು ಮಾಡಿದ ಮೊದಲ ಕೆಲಸವೆಂದರೆ ಬಿಸಿಲುಬೇಗೆಗೆ ನೀರು ಕಡಮೆಯಾಗಿದೆಯೆಂದು ತಿಳಿದು ಮತ್ತೊಂದು ಬಾಟಲಿ ನೀರು ಕುಡಿಸಿದ್ದು. ಅದೇ ದೊಡ್ಡ ತಪ್ಪಾಗಿತ್ತು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ ಮಟ್ಟ 121 ಎಂದು ಬಂದಿತು. ಅದು 135ರಿಂದ 145ರ ನಡುವೆ ಇರಬೇಕು. ಅವರಿಗೆ ಆಗಿದ್ದುದು ನೀರಿನ ಕೊರತೆಯಲ್ಲ, ನೀರಿನ ಅತಿರೇಕ. ಪ್ರದಕ್ಷಿಣೆಯ ದಾರಿಯುದ್ದಕ್ಕೂ ಭಕ್ತರು ಪ್ರೀತಿಯಿಂದ ನೀರು, ಮಜ್ಜಿಗೆ ಹಂಚುತ್ತಾರೆ. ಹಿಂದುಳಿದ ನಮ್ಮ ಮಿತ್ರರು ಪ್ರತಿಯೊಂದು ಪೆಂಡಾಲಿನಲ್ಲಿಯೂ ನಿಂತು ಬರಿಯ ನೀರನ್ನೇ ಕುಡಿದಿದ್ದರು; ನಾವು ದೂರವಾಣಿಯಲ್ಲಿ ಅದನ್ನೇ ಹೇಳಿದ್ದೆವು. ಹಲವು ಗಂಟೆಗಳ ದಣಿವಿನಲ್ಲಿ ದೇಹವು ನೀರನ್ನು ಹಿಡಿದಿಡುವ ಒಂದು ಚೋದಕವನ್ನು ಸ್ರವಿಸುತ್ತದೆ. ಆಗ ಕುಡಿದ ನೀರು ಮೂತ್ರವಾಗಿ ಹೊರಹೋಗದೆ ರಕ್ತವನ್ನು ತೆಳುವಾಗಿಸುತ್ತದೆ, ಜೀವಕೋಶಗಳು ಊದಿಕೊಳ್ಳುತ್ತವೆ. ಕೈಬೆರಳು ಊದಿದರೆ ಉಂಗುರ ಬಿಗಿಯುತ್ತದೆ, ಅಷ್ಟೇ. ಮಿದುಳು ಊದಿದರೆ ತಲೆಬುರುಡೆಯೊಳಗೆ ಜಾಗವಿಲ್ಲ. ಅವರ ಉಂಗುರವನ್ನು ಆಸ್ಪತ್ರೆಯಲ್ಲಿ ಕತ್ತರಿಸಿಯೇ ತೆಗೆಯಬೇಕಾಯಿತು. ಇದರ ಜೊತೆಗೆ ಅವರು ರಕ್ತದೊತ್ತಡಕ್ಕಾಗಿ ಸೇವಿಸುತ್ತಿದ್ದ ಮಾತ್ರೆ ಮೂತ್ರವರ್ಧಕ ಜಾತಿಯದು. ಅಂತಹ ಕೆಲವು ಮಾತ್ರೆಗಳು ಸೋಡಿಯಂ ಮಟ್ಟವನ್ನು ತಗ್ಗಿಸುತ್ತವೆಯೆಂದು ವೈದ್ಯರು ವಿವರಿಸಿದರು. ಗಾಢ ಉಪ್ಪುನೀರನ್ನು ರಕ್ತನಾಳಕ್ಕೆ ಹನಿಹನಿಯಾಗಿ ಕೊಟ್ಟು, ಮೂರು ದಿನ ಇರಿಸಿಕೊಂಡು ಕಳುಹಿಸಿದರು.

ಇದು ಅಪರೂಪದ ಸಂಗತಿಯೆಂದು ನಾವು ಭಾವಿಸಿದ್ದೆವು, ಹಾಗಲ್ಲ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಗೆ ಸೋಡಿಯಂ ಕಡಮೆಯಾಗಿತ್ತೆಂದು 2005ರಲ್ಲಿ ಪ್ರಕಟವಾಯಿತು. ಹೆಚ್ಚು ಸಮಯ ತೆಗೆದುಕೊಂಡವರು, ಓಟದ ನಡುವೆ ತೂಕ ಹೆಚ್ಚಿಸಿಕೊಂಡವರು ಅದಕ್ಕೆ ಹೆಚ್ಚು ಈಡಾಗಿದ್ದರು. ವೇಗವಾಗಿ ಓಡುವವನಿಗೆ ಕುಡಿಯಲು ಪುರುಸೊತ್ತಿಲ್ಲ. ಅಪಾಯವಿರುವುದು ನಿಧಾನವಾಗಿ, ದೀರ್ಘಕಾಲ ನಡೆಯುವ ನಮ್ಮಂತಹವರಿಗೆ. ಬಾಯಾರಿದಾಗ, ಬಾಯಾರಿದಷ್ಟು ಕುಡಿಯಬೇಕೆಂಬುದು ಈಗಿನ ಸಲಹೆ. ದೀರ್ಘ ನಡಿಗೆಯಲ್ಲಿ ಬರಿಯ ನೀರಿನ ಬದಲು ಅಲ್ಲಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಜೊತೆಗೆ ತಿನ್ನಲು ಏನಾದರೂ ಇರಲಿ. ಆದರೆ ಉಪ್ಪು ಬೆರೆಸಿದ ಪಾನೀಯವಾದರೂ ಮಿತಿಮೀರಿ ಕುಡಿದರೆ ಇದೇ ತೊಂದರೆ ತಪ್ಪದು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ನೀರಿಗೆ ಬೆರೆಸಬೇಕು. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆಯಿರುವವರು ಉಪ್ಪಿನ ವಿಚಾರವನ್ನೂ ಮಾತ್ರೆಯ ವಿಚಾರವನ್ನೂ ವೈದ್ಯರನ್ನೇ ಕೇಳಿಕೊಂಡು ಹೊರಡುವುದು ಕ್ಷೇಮ. ಯಾರಾದರೂ ತಲೆನೋವು, ವಾಂತಿಯೊಡನೆ ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದು ಬಿಸಿಲಾಘಾತವೋ ಸೋಡಿಯಂ ಕೊರತೆಯೋ ಎಂದು ರಸ್ತೆಯಲ್ಲಿ ನಿಂತು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಮೈ ಸುಡುತ್ತಿದ್ದರೆ ಮೈಗೆ ನೀರು ಸುರಿದು ಗಾಳಿ ಬೀಸಿ. ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಕರೆ ಮಾಡಿ.

ಮಿತ್ರರ ಮನೆಗೆ ಹೋದಾಗ ಅತ್ತಿಗೆಯವರು ಕಾಫಿ ಕೊಟ್ಟರು. ಬಹಳ ಹೊತ್ತು ಏನೂ ಹೇಳಲಿಲ್ಲ. ಕಡೆಗೆ, "ಅವತ್ತು ನೀವೆಲ್ಲ ದೇವರ ಸುತ್ತ ಸುತ್ತಿದ್ರೋ, ಗಡಿಯಾರದ ಮುಳ್ಳಿನ ಸುತ್ತ ಸುತ್ತಿದ್ರೋ?" ಎಂದು ಕೇಳಿದರು. ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಸಮಯ ನೋಡುವುದೇ ತಪ್ಪೆಂದು ನಾವು ಇಂದಿಗೂ ಒಪ್ಪುವುದಿಲ್ಲ. ಅದರಿಂದಲೇ ನಮ್ಮಲ್ಲಿಬ್ಬರ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ, ವರ್ಷವಿಡೀ ನಸುಕಿನಲ್ಲಿ ಎದ್ದು ನಡೆಯಲು ಒಂದು ನೆಪ ದೊರೆತಿದೆ. ಆದರೆ ಬಾಬ್ ಗ್ರಹಾಂ ಹಾದಿಯಲ್ಲಿ ಸಾಕ್ಷಿಯೆಂದರೆ ಸಮಯ ಬರೆದುಕೊಳ್ಳುವವನೆಂದಷ್ಟೇ ನಾವು ತಿಳಿದಿದ್ದೆವು. ಶಿಖರ ಶಿಖರಕ್ಕೂ ಓಡುವವನ ಬಗಲಲ್ಲೇ ಇದ್ದು, ಅವನ ತಿಂಡಿ ನೀರು ಹೊತ್ತು, ಮಂಜು ಮುಸುಕಿದರೆ ದಾರಿ ತೋರಿಸುವವನೂ ಅವನೇ ಎಂಬುದು ಅರ್ಥವಾದದ್ದು ಆ ಕಾಫಿಯ ನಂತರ.

ಅಂದಿನಿಂದ ನಮ್ಮ ಪುಸ್ತಕದಲ್ಲಿ ನಿಯಮ ಬದಲಾಗಿದೆ. ಗುಂಪಿನ ಸಮಯವೆಂದರೆ ಕೊನೆಯವನ ಸಮಯ. ಹಿಂದುಳಿದವನ ಜೊತೆ ಒಬ್ಬ ಇದ್ದೇ ಇರಬೇಕು, ಬೇಡವೆಂದರೂ. ಹೊರಡುವ ಮುನ್ನ ಎಲ್ಲರ ಮಾತ್ರೆಗಳ ಹೆಸರು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿರಬೇಕು. ಉಂಗುರ ಮನೆಯಲ್ಲಿಡಬೇಕು. ಕರ್ನಾಟಕದ ಬೆಟ್ಟಗಳಿಗೆ ಹೋಗುವ ಬಂಧುಗಳಿಗೆ ಇನ್ನೊಂದು ಮಾತು: 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನದಟ್ಟಣೆ ಮಿತಿಮೀರಿದ ಮೇಲೆ ಅರಣ್ಯ ಇಲಾಖೆಯು ಚಾರಣಿಗರ ಸಂಖ್ಯೆಗೆ ಮಿತಿ ಹಾಕಿ, ಅಂತರಜಾಲದ ಮೂಲಕ ಮುಂಗಡ ಅನುಮತಿಯನ್ನು ಕಡ್ಡಾಯ ಮಾಡಿತು, ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ದಾರಿ ಮುಚ್ಚಿರುತ್ತದೆ. ರಜೆ ಹಾಕಿ ಟಿಕೆಟ್ಟು ಕೊಳ್ಳುವ ಮೊದಲು ವಿಚಾರಿಸಿಕೊಳ್ಳಿ.

2024ರ ಜುಲೈ 20ರಂದು ಮತ್ತೆ ಸಂಜೆ 5 ಗಂಟೆಗೆ ಹೊರಟೆವು, ಮೂವರು. ಮಿತ್ರರ ಮಾತ್ರೆಯನ್ನು ವೈದ್ಯರು ಬದಲಾಯಿಸಿದ್ದರು. ಪೂರ್ತಿ ದೂರಕ್ಕೆ ಮನೆಯವರ ಒಪ್ಪಿಗೆ ಸಿಕ್ಕಿರಲಿಲ್ಲ. ಅವರು ಮಾಧವಧಾರದಲ್ಲಿ, ಹಿಂದಿನ ವರ್ಷ ಕುಳಿತಿದ್ದ ಜಾಗದಲ್ಲಿಯೇ ನಮಗಾಗಿ ಕಾದು ನಿಂತಿದ್ದರು. ಅಲ್ಲಿಂದ ನಾಲ್ವರೂ ಜೊತೆಯಾಗಿ, ಗೋಪಾಲಪಟ್ಟಣದಲ್ಲಿ ಒಂದೆಡೆ ಕುಳಿತು ಉಪ್ಪಿಟ್ಟು ತಿಂದು, ನಸುಕಿನ 2 ಗಂಟೆ 40 ನಿಮಿಷಕ್ಕೆ ತೊಲಿ ಪಾವಂಚ ಸೇರಿದೆವು. ನಮ್ಮ ಸಮಯ 9 ಗಂಟೆ 40 ನಿಮಿಷವೆಂದು ಬರೆದೆವು. ಅವರು ಪುಸ್ತಕವನ್ನು ಕೇಳಿ ತೆಗೆದುಕೊಂಡು, ತಮ್ಮ ಪ್ರದಕ್ಷಿಣೆ ಶುರುವಾದದ್ದು 2023ರ ಜುಲೈ 2ರ ಸಂಜೆ 5 ಗಂಟೆಗೆ, ಮುಗಿದದ್ದು ಈಗ, ಲೆಕ್ಕವೆಂದರೆ ಲೆಕ್ಕ ಎಂದು ಹೇಳಿ, ತಮ್ಮ ಹೆಸರಿನ ಮುಂದೆ ತಾವೇ ಬರೆದರು: 1 ವರ್ಷ, 18 ದಿನ, 9 ಗಂಟೆ, 40 ನಿಮಿಷ.